ರಾಣಿಯ ಬೆನ್ನು

ನಮ್ಮ ಬಾಲ್ಕನಿಯಲ್ಲಿ ಬಟ್ಟೆ ಒಣಗಿಸುವ ಸ್ಟ್ಯಾಂಡಿನ ಮೇಲೆ ಮೂರು ದಿನದಿಂದ ಒಂದು ಕೆಂಪು ಚವರಿ ನೇತಾಡುತ್ತಿದೆ. ಉಲ್ಲನ್ನಿನಲ್ಲಿ ಹೆಣೆದ ಸುಳ್ಳು ಜಡೆ. ಒಂದು ಬದಿಗೆ ನನ್ನ ಎರಡು ನೈಟಿ, ಇನ್ನೊಂದು ಬದಿಗೆ ಮೊಮ್ಮಗಳ ಶಾಲೆಯ ಅಂಗಿ, ನಡುವೆ ಇದು. ದುಬೈಯ ಈ ಅಲ್ ನಹ್ದಾದ ಕಟ್ಟಡಗಳು ಎಷ್ಟು ಹತ್ತಿರ ಎಂದರೆ ಎದುರು ಮನೆಯವರು ಒಗ್ಗರಣೆ ಹಾಕಿದರೆ ನಮಗೆ ಸೀನು ಬರುತ್ತದೆ. ಆ ಮನೆಯ ಹೆಂಗಸು ದಿನಕ್ಕೆರಡು ಸಲ ಹೊರಗೆ ಬಂದು ನಮ್ಮ ಚವರಿ ನೋಡಿ ಒಳಗೆ ಹೋಗುತ್ತಾಳೆ. ಯಾರದೋ ತಲೆ ಬೋಳಿಸಿದ್ದೇವೆಂದು ತಿಳಿದಿರಬೇಕು. ಬಟ್ಟೆ ರಸ್ತೆಗೆ ಕಾಣಬಾರದು ಎಂದು ವಾಚ್‌ಮ್ಯಾನ್ ಎರಡು ಸಲ ಬೆಲ್ ಒತ್ತಿ ಹೇಳಿದ್ದಾನೆ. ಇದು ಬಟ್ಟೆ ಅಲ್ಲವಪ್ಪ, ಕೂದಲು ಎಂದೆ. ಅವನು ಲಿಫ್ಟ್ ಹತ್ತಿ ಹೋದ.

ಮೊದಲು ತೊಳೆದಾಗ ಬಣ್ಣ ಬಿಟ್ಟು ನನ್ನ ಒಂದು ನೈಟಿಯ ತೋಳು ಗುಲಾಬಿಯಾಯಿತು. ಇಲ್ಲಿಯ ಬಿಸಿಲಿಗೆ ಒಂದು ಗಂಟೆಯಲ್ಲೇ ಒಣಗಿದೆ. ತೆಗೆಯುವವರು ಯಾರೂ ಇಲ್ಲ. ನಾನೂ ತೆಗೆದಿಲ್ಲ.

ಚವರಿ ನನ್ನ ಮೊಮ್ಮಗಳು ರಿಯಾಳದು. ಒಂಬತ್ತನೇ ಕ್ಲಾಸು, ಹದಿನಾಲ್ಕು ವರ್ಷ. ಬುಧವಾರ ಶಾಲೆಯಲ್ಲಿ ಅವಳು ವೇಷ ಹಾಕಿ ರಾಣಿ ಆಗಿದ್ದಳು. ಅಂಥಿಂಥ ರಾಣಿ ಅಲ್ಲ. ಇಂಗ್ಲೆಂಡಿನ ಹಳೆಯ ಕಾಲದವಳು, ಬೂಡಿಕಾ ಎಂದು ಹೆಸರು. ಎರಡು ಸಾವಿರ ವರ್ಷದ ಹತ್ತಿರ ಆಯಿತಂತೆ. ಆಗ ಆ ದೇಶ ರೋಮಿನವರ ಕೈಯಲ್ಲಿ ಇತ್ತು. ಗಂಡ ಸತ್ತ, ರೋಮಿನವರು ಬಂದು ಮನೆ, ನೆಲ ಎಲ್ಲ ಹಿಡಿದರು. ಇದು ಸರಿಯಲ್ಲ ಎಂದ ರಾಣಿಗೆ ಚಾಟಿಯಲ್ಲಿ ಹೊಡೆದರು. ಎರಡು ಹೆಣ್ಣು ಮಕ್ಕಳಿದ್ದರು, ಅವರನ್ನು ಕೆಡಿಸಿದರು. ಅವಳು ಜನ ಕಟ್ಟಿಕೊಂಡು ರಥ ಹತ್ತಿದಳು, ರೋಮಿನವರ ಮೂರು ಊರು ಸುಟ್ಟಳು. ಕಡೆಗೆ ಸೋತಳು, ಸತ್ತಳು. ಕಥೆ ಇಷ್ಟೆ. ಸೋಲುವುದು ಗೊತ್ತಿದ್ದರೆ ಕಥೆ ಹೇಳಲು ಹೆಚ್ಚು ಹೊತ್ತು ಬೇಡ.

ಚವರಿ ಹೆಣೆದವಳು ನಾನು. ಈ ಮನೆಯಲ್ಲಿ ಜಡೆ ಹೆಣೆಯಲು ಬರುವುದು ನನಗೊಬ್ಬಳಿಗೇ. ರಿಯಾಳ ಕೂದಲು ಕಿವಿಯವರೆಗೆ. ಅವಳ ತಾಯಿ, ನನ್ನ ಮಗಳು ಐರಿನ್, ಅವಳದು ಕುತ್ತಿಗೆಯವರೆಗೆ. ನನ್ನ ತಲೆಯಲ್ಲಿ ಹೆಣೆಯುವಂಥದ್ದು ಉಳಿದಿಲ್ಲ. ಮೂರು ಉಂಡೆ ಉಲ್ಲನ್ ತಂದು ಕುರ್ಚಿಯ ಬೆನ್ನಿಗೆ ಕಟ್ಟಿ ಹೆಣೆಯುತ್ತಾ ಕೂತಾಗ ಕೈಗೆ ಹಳೆಯದು ನೆನಪಾಯಿತು. ಕೈಗಳಿಗೆ ಬುದ್ಧಿ ಇಲ್ಲ, ಯಾವುದನ್ನು ಮರೆಯಬೇಕೆಂದು ಅವಕ್ಕೆ ಗೊತ್ತಾಗುವುದಿಲ್ಲ.

ಐರಿನ್ ಸಣ್ಣವಳಿರುವಾಗ ಅವಳ ಜಡೆ ಸೊಂಟ ದಾಟಿತ್ತು. ಶನಿವಾರ ತೆಂಗಿನೆಣ್ಣೆ ಬಿಸಿ ಮಾಡಿ ಹಚ್ಚಿ ಬಾಚುತ್ತಿದ್ದೆ. ಬಾಚಣಿಗೆ ಸಿಕ್ಕಿಕೊಂಡರೆ ಅವಳು ಹಾಕುವ ಬೊಬ್ಬೆಗೆ ಗದ್ದೆಯ ಆಚೆ ಬದಿಯ ನಾಯಿ ಎದ್ದು ಬೊಗಳುತ್ತಿತ್ತು. ಆ ಹುಡುಗಿಯ ಗಂಟಲು ಅಂಥದ್ದು. ಎತ್ತರವೂ ಹಾಗೇ. ಹೆಣ್ಣು ನೋಡಲು ಬಂದವರ ಎದುರು ಅವಳು ನಿಂತರೆ ಹುಡುಗರು ಬೆರಳ ತುದಿಯಲ್ಲಿ ನಿಲ್ಲುತ್ತಿದ್ದರು. ಸ್ಟ್ಯಾನಿ ನೋಡಲು ಬಂದ ದಿನ ಫೋಟೋ ತೆಗೆಯುವಾಗ ನಾನೇ ಅವಳ ಕಿವಿಯಲ್ಲಿ, “ಮೊಣಕಾಲು ಸ್ವಲ್ಪ ಬಗ್ಗಿಸು ಬಾಯೆ, ಸೀರೆಯೊಳಗೆ ಯಾರಿಗೂ ಕಾಣುವುದಿಲ್ಲ” ಎಂದೆ. ಬಗ್ಗಿಸಿದಳು. ಆ ಫೋಟೋ ಈಗಲೂ ಇದೆ. ಇಬ್ಬರೂ ಒಂದೇ ಎತ್ತರ. ಅವಳ ಮುಖ ಮಾತ್ರ ಕಕ್ಕಸಿಗೆ ಹೋಗಬೇಕಾದವಳ ಹಾಗೆ.

ರಾಣಿಯ ಮಾತಿಗೆ ಬರುತ್ತೇನೆ. ಅವಳ ಬಗ್ಗೆ ಹಳೆಯ ಕಾಲದಲ್ಲಿ ಬರೆದಿಟ್ಟವರು ಇಬ್ಬರು ಎಂದು ರಿಯಾ ಹೇಳಿದಳು. ಇಬ್ಬರೂ ಗಂಡಸರು, ಇಬ್ಬರೂ ರೋಮಿನ ಕಡೆಯವರು. ಗೆದ್ದವರು. ರಾಣಿಯ ಕಡೆಯಿಂದ ಒಂದು ಚೀಟಿಯೂ ಇಲ್ಲ. ಮೊದಲನೆಯವನ ಹೆಂಡತಿಯ ಅಪ್ಪ ಆ ಗಲಾಟೆಯ ಕಾಲದಲ್ಲಿ ಅಲ್ಲಿಯ ಸೈನ್ಯದಲ್ಲಿದ್ದನಂತೆ. ಹಾಗಾಗಿ ಅವನಿಗೆ ಮಾವನ ಬಾಯಿಂದ ಒಂದಿಷ್ಟು ಗೊತ್ತಿತ್ತು. ಚಾಟಿ ಏಟು ಬರೆದಿದ್ದಾನೆ, ಹೆಣ್ಣು ಮಕ್ಕಳದ್ದು ಬರೆದಿದ್ದಾನೆ, ಅವಳು ಮಕ್ಕಳನ್ನು ರಥದಲ್ಲಿ ಎದುರು ಕೂರಿಸಿಕೊಂಡು ಸೈನ್ಯದ ನಡುವೆ ಹೋದದ್ದನ್ನೂ ಬರೆದಿದ್ದಾನೆ. ಕಡೆಗೆ ವಿಷ ಕುಡಿದಳು ಎನ್ನುತ್ತಾನೆ.

ಎರಡನೆಯವನು ಹುಟ್ಟಿದ್ದೇ ಅವಳು ಸತ್ತು ಎಷ್ಟೋ ಕಾಲದ ಮೇಲೆ. ಆದರೂ ಅವಳನ್ನು ಬಾಗಿಲಲ್ಲಿ ನಿಂತು ನೋಡಿದವನ ಹಾಗೆ ಬರೆದಿದ್ದಾನೆ. ಬಹಳ ಎತ್ತರ, ನೋಡಿದರೆ ಹೆದರಿಕೆ, ಕಣ್ಣು ಕ್ರೂರ, ದನಿ ಗಡಸು, ಕೆಂಚು ಕೂದಲು ಸೊಂಟದವರೆಗೆ, ಕೊರಳಲ್ಲಿ ದಪ್ಪ ಚಿನ್ನದ ಬಳೆಯಂಥ ಸರ, ಬಣ್ಣಬಣ್ಣದ ಅಂಗಿ. ಯುದ್ಧಕ್ಕೆ ಮೊದಲು ಉದ್ದದ ಭಾಷಣ ಮಾಡಿ ಮಡಿಲಿನಿಂದ ಒಂದು ಮೊಲ ಬಿಟ್ಟಳಂತೆ, ಅದು ಓಡಿದ ದಿಕ್ಕಿನಲ್ಲಿ ಶಕುನ ನೋಡಲು. ಸೆರಗಿನಲ್ಲಿ ಮೊಲ ಕಟ್ಟಿಕೊಂಡು ಅಷ್ಟು ಹೊತ್ತು ಭಾಷಣ ಮಾಡಿದಳೇ? ನಾನು ಒಂದು ಸಲ ಹುಂಜವನ್ನು ಸೆರಗಿನಲ್ಲಿ ಸುತ್ತಿ ಬಸ್ಸಿನಲ್ಲಿ ತಂದಿದ್ದೆ, ಎರಡು ಸ್ಟಾಪಿನೊಳಗೆ ಸೀರೆ ಮೈಮೇಲೆ ನಿಂತಿರಲಿಲ್ಲ. ಇನ್ನೊಂದು ಮಾತು ಬರೆದಿದ್ದಾನೆ, ಹೆಂಗಸರಿಗೆ ಇರುವುದಕ್ಕಿಂತ ಹೆಚ್ಚು ಬುದ್ಧಿ ಅವಳಿಗೆ ಇತ್ತು ಎಂದು. ಯಾವ ಪಾವಿನಲ್ಲಿ ಅಳೆದನೋ.

ಆದರೆ ಚಾಟಿ ಏಟು? ಇಲ್ಲ. ಹೆಣ್ಣು ಮಕ್ಕಳು? ಅವರೂ ಇಲ್ಲ. ಕಡೆಗೆ ಕಾಯಿಲೆ ಬಂದು ಸತ್ತಳು ಎಂದು ಮುಗಿಸಿದ್ದಾನೆ.

“ಫಸ್ಟ್ ಮ್ಯಾನ್ ಕೂಡ ಹುಡುಗಿಯರ ಹೆಸರು ಬರ್ದಿಲ್ಲ ಗ್ರ್ಯಾನಿ,” ಎಂದಳು ರಿಯಾ. “ಇಬ್ಬರಿದ್ದರು, ಅಷ್ಟೇ. ನೋ ನೇಮ್ಸ್. ಐ ಹೇಟ್ ಹಿಮ್.”

“ಹೆಸರು ಕೇಳಿದ್ದರೆ ತಾನೇ ಬರೆಯುವುದು,” ಎಂದೆ.

ನನ್ನ ಬರವಣಿಗೆಯ ಬಗ್ಗೆ ಇಲ್ಲಿ ಹೇಳಬೇಕು. ನಾನು ಓದಿದ್ದು ಮೂರನೇ ಕ್ಲಾಸು. ಅದೂ ಪೂರ್ತಿ ಅಲ್ಲ, ನಡುವೆ ತಮ್ಮ ಹುಟ್ಟಿದ, ತೊಟ್ಟಿಲು ತೂಗಲು ಜನ ಬೇಕಿತ್ತು. ಮನೆಯಲ್ಲಿ ಮಾತು ಕೊಂಕಣಿ, ಶಾಲೆಯಲ್ಲಿ ಅಕ್ಷರ ಕನ್ನಡ. ಸ್ಲೇಟಿನ ಮೇಲೆ ಬಳಪ ಒತ್ತಿ ಬರೆದರೆ ಕಿರ್ ಎನ್ನುತ್ತಿತ್ತು, ಸಿಸ್ಟರ್ ಬಂದು ಕಿವಿ ಹಿಂಡುತ್ತಿದ್ದರು. ಕಷ್ಟದ ಅಕ್ಷರ ಬಂದರೆ ನಾನು ಆ ಮಾತನ್ನೇ ಬಿಟ್ಟು ಸುಲಭದ ಮಾತು ಬರೆಯುತ್ತಿದ್ದೆ. ಕಷ್ಟ ಕಂಡಲ್ಲಿ ಪಕ್ಕದ ದಾರಿ ಹಿಡಿಯುವುದು ಆಗಲೇ ಕಲಿತದ್ದು.

ಗಂಡ ಸತ್ತ ಮೇಲೆ ಹನ್ನೆರಡು ವರ್ಷದ ಐರಿನ್‌ಳನ್ನು ತಂಗಿಯ ಮನೆಯಲ್ಲಿ ಬಿಟ್ಟು ಅಬುಧಾಬಿಗೆ ಬಂದೆ. ಆಸ್ಪತ್ರೆಯ ಹೆಂಗಸರ ಹಾಸ್ಟೆಲಿನಲ್ಲಿ ಅಡುಗೆ ಕೆಲಸ. ಅಡುಗೆಯವರು, ಗುಡಿಸುವವರು ಸೇರಿ ಒಂದು ಕೋಣೆಯಲ್ಲಿ ಆರು ಜನ, ಎಲ್ಲ ನಮ್ಮ ಕರಾವಳಿಯವರೇ. ಅಕ್ಷರ ಬರುತ್ತಿದ್ದದ್ದು ನನಗೊಬ್ಬಳಿಗೆ. ಶುಕ್ರವಾರ ಊಟ ಆದ ಮೇಲೆ ಕಾಗದದ ಹೊತ್ತು. ಒಬ್ಬೊಬ್ಬರಾಗಿ ಬಂದು ನನ್ನ ಮಂಚದ ತುದಿಯಲ್ಲಿ ಕೂರುತ್ತಿದ್ದರು.

ಗಲ್ಫಿನ ಕಾಗದಕ್ಕೆ ಒಂದು ಕಟ್ಟಳೆ ಇತ್ತು. ಯಾರೂ ಮಾಡಿದ್ದಲ್ಲ, ಎಲ್ಲರೂ ಪಾಲಿಸುತ್ತಿದ್ದದ್ದು. ಅಲ್ಲಿ ಓದುವವರಿಂದ ಏನೂ ಮಾಡಲು ಆಗದಂಥದ್ದನ್ನು ಇಲ್ಲಿಂದ ಬರೆಯಬಾರದು. ಸುಮ್ಮನೆ ಅವರಿಗೆ ನಿದ್ದೆ ಇಲ್ಲ, ನಿನಗೆ ಲಾಭ ಇಲ್ಲ. ಕುಂದಾಪುರದ ಗಿರಿಜಾ ಎಂಬವಳ ಪಾದಕ್ಕೆ ಒಂದು ಸಲ ಕಾದ ಎಣ್ಣೆ ಚೆಲ್ಲಿತು. ಪಾದ ಬೆಂದು ಉಬ್ಬಿ ಬನ್ನಿನಂತಾಗಿತ್ತು. ಅವಳು ಅಳುತ್ತಾ ಕೂತಳು, ನಾನು ಬರೆದೆ: “ನಾನು ಕ್ಷೇಮ. ಇಲ್ಲಿ ಬಿಸಿಲು ಜಾಸ್ತಿ.” ಅವಳು ಮೂಗು ಒರೆಸಿಕೊಂಡು, “ಅಕ್ಕಾ, ಹೊಸ ಚಪ್ಪಲಿ ತಕ್ಕಂಡೆ ಅಂತ ಬರಿ” ಎಂದಳು. ಅದು ಸುಳ್ಳಲ್ಲ. ಹಳೆಯದರಲ್ಲಿ ಪಾದ ಹಿಡಿಯುತ್ತಿರಲಿಲ್ಲ. ಊರಲ್ಲಿ ಅವಳ ತಾಯಿ ಆ ಚಪ್ಪಲಿಯ ಸುದ್ದಿಯನ್ನು ಹತ್ತು ಮನೆಗೆ ಹೇಳಿದಳಂತೆ.

ಹದಿನಾಲ್ಕು ವರ್ಷ ಹೀಗೆ ಬರೆದೆ. ಮೀನು ಕೊಯ್ಯುವವಳ ಕೈ ನೋಡಿದ್ದೀರಲ್ಲ? ಬಾಯಿ ಊರಿನ ಸುದ್ದಿ ಹೇಳುತ್ತಿರುತ್ತದೆ, ಬೆರಳು ತಾನಾಗಿ ಹೊಟ್ಟೆಯೊಳಗೆ ಹೋಗಿ ಕರುಳು ಕಿತ್ತು ಬದಿಗೆ ಎಸೆಯುತ್ತದೆ. ನನ್ನ ಪೆನ್ನು ಹಾಗಾಗಿತ್ತು. ಕಾಗದ ಯಾವತ್ತೂ ಚೊಕ್ಕ.

ಈ ಪೆನ್ನು ಹಿಡಿದುಕೊಂಡೇ ಊರಿಗೆ ಹೋದೆ. ಐರಿನ್‌ಳ ಮದುವೆ ಮಾಡಿದೆ. ಸ್ಟ್ಯಾನಿಗೆ ಮದೀನತ್ ಜಾಯೆದಿನಲ್ಲಿ ಎಣ್ಣೆ ಕಂಪನಿಯ ಕೆಲಸ. ಮರಳಿನ ನಡುವಿನ ಪೇಟೆ, ಕಿರುಚಿದರೆ ಏಸಿಯ ಸದ್ದು ಬಿಟ್ಟರೆ ಉತ್ತರ ಕೊಡುವವರಿಲ್ಲ. ನಾಲ್ಕು ವರ್ಷ ಕಳೆದು ಒಂದು ದಿನ ಮಗಳು ಎರಡು ವರ್ಷದ ರಿಯಾಳನ್ನು ಎತ್ತಿಕೊಂಡು ಊರಿಗೆ ಬಂದಳು. ಇನ್ನು ಹೋಗುವುದಿಲ್ಲ ಎಂದಳು. ಕೂದಲಿಗೆ ಎಣ್ಣೆ ಹಚ್ಚಲು ಕೂರಿಸಿದಾಗ ನೈಟಿಯ ಕುತ್ತಿಗೆ ಜಾರಿತು, ನಾನು ಬೆನ್ನು ಕಂಡೆ.

ಚರ್ಚಿನ ಪಾದ್ರಿ ಎರಡೂ ಕಡೆಯವರನ್ನು ಕರೆಸಿದರು. ಒಳ್ಳೆಯ ಮುದುಕ, ಈಗ ಇಲ್ಲ. ನನಗೆ ಮೊದಲೇ ಹೇಳಿ ಕಳಿಸಿದರು: “ಎದುರೆದುರು ಮಾತಾಡಿದರೆ ಜಗಳ ಆಗ್ತದೆ ಬಾಯಿ. ನೀವು ಕಂಡದ್ದನ್ನು ಕಂಡ ಹಾಗೆ ಬರೆದು ಕೊಡಿ. ನಾನೇ ಓದ್ತೇನೆ.” ಅಷ್ಟು ಗಂಡಸರ ಎದುರು ಮಗಳು ಬೆನ್ನು ತೋರಿಸಲಿಕ್ಕಾಗುತ್ತದೆಯೇ? ಅದಕ್ಕೇ ತಾಯಿ ಬರೆಯುವುದು.

ನಾನು ಬರೆದೆ. ಒಂದು ಪುಟ ಪೂರ್ತಿ ಬಾಯಿಪಾಠ ಇದೆ, ಪ್ರಾರ್ಥನೆಯ ಹಾಗೆ. ಪೂಜ್ಯ ಪಾದ್ರಿಗಳಿಗೆ. ನಾವು ಇಲ್ಲಿ ಕ್ಷೇಮ. ನನ್ನ ಮಗಳು ಐರಿನ್ ಸಣ್ಣದರಿಂದ ಎತ್ತರ, ದನಿ ದೊಡ್ಡದು, ಹಠ ಸ್ವಲ್ಪ ಜಾಸ್ತಿ. ಅಳಿಯ ಕಷ್ಟಪಟ್ಟು ದುಡಿಯುವವನು. ಇಬ್ಬರ ನಡುವೆ ಸಣ್ಣ ಸಣ್ಣ ಮಾತು ಬಂದಿದೆ. ಒಂದು ಹೆಣ್ಣು ಮಗು ಇದೆ. ತಾವು ಬುದ್ಧಿ ಹೇಳಿ ಇಬ್ಬರನ್ನು ಒಂದು ಮಾಡಬೇಕಾಗಿ ಬೇಡುತ್ತೇನೆ.

ಪಾದ್ರಿ ಓದಿದರು. ಸ್ಟ್ಯಾನಿಯ ತಾಯಿ ಸಾಲಿಗೊಂದು ಸಲ ತಲೆ ಆಡಿಸಿದಳು. ನಮ್ಮ ವಾಡೆಯ, ಅಂದರೆ ಚರ್ಚಿನ ನಮ್ಮ ಕೇರಿಯ ಗುರಿಕಾರ, ಎಲ್ಲ ಮನೆಯ ಜಗಳಕ್ಕೂ ಬರುವವನು, ಕೈ ಕೊಡವಿ, “ತಾಯಿಯೇ ಹೀಗೆ ಬರೆದ ಮೇಲೆ ಇನ್ನೆಂತ ಉಂಟು ಫಾದರ್?” ಎಂದ.

ಐರಿನ್ ನನ್ನ ಕಡೆ ತಿರುಗಿದಳು. ಬೊಬ್ಬೆ ಹಾಕುತ್ತಾಳೆ ಎಂದುಕೊಂಡೆ. ಹಾಕಲಿಲ್ಲ. ಮೆಲ್ಲಗೆ ಕೇಳಿದಳು:

“ಮಾಯಿ, ಇದರಲ್ಲಿ ನನ್ನ ಬೆನ್ನು ಎಲ್ಲಿ ಉಂಟು?”

ನಾನು ಗೋಡೆಯ ಕ್ಯಾಲೆಂಡರ್ ನೋಡುತ್ತಾ ಕೂತೆ. ಮುಂದಿನ ವಾರ ಅವಳು ಮಗುವಿನ ಜೊತೆ ವಿಮಾನ ಹತ್ತಿದಳು.

ನನಗೆ ತಿಳಿಯಲಿಲ್ಲ ಎಂದು ಹೇಳುವುದಿಲ್ಲ. ಬರೆಯುವಾಗ ಬೆನ್ನಿನ ಹತ್ತಿರ ಬಂದೆ, ಕೈ ತಾನಾಗಿ ಅದನ್ನು ಕಿತ್ತು ಬದಿಗೆ ಇಟ್ಟಿತು. ಮನೆ ಉಳಿಯಲಿ ಎಂದು ಮನಸ್ಸಿಗೆ ಹೇಳಿಕೊಂಡೆ. ನಿಜ ಹೇಳುವುದಾದರೆ ಹೆದರಿದೆ. ಮಗಳು ಬಂದು ಮನೆಯಲ್ಲಿ ಕೂತರೆ ಭಾನುವಾರ ಪೂಜೆ ಮುಗಿದ ಮೇಲೆ ಜನ ಎಂತ ಕೇಳುತ್ತಾರೆ ಎಂದು ಹೆದರಿದೆ. ಆ ಜನರಲ್ಲಿ ಅರ್ಧ ಈಗ ಸತ್ತಿದ್ದಾರೆ. ಉಳಿದವರಿಗೆ ನನ್ನ ಗುರುತು ಸಿಗುವುದಿಲ್ಲ.

ಬಿಟ್ಟದ್ದನ್ನು ಈಗ ಬರೆಯುತ್ತೇನೆ. ನನ್ನ ಮಗಳ ಬೆನ್ನಿನ ಮೇಲೆ ಎಡ ಹೆಗಲಿನಿಂದ ಸೊಂಟದವರೆಗೆ ಬೆಲ್ಟಿನ ಐದು ಬರೆ ಇದ್ದವು. ಎರಡು ಹಳೆಯದು, ಮೂರು ಹೊಸದು. ಒಂದರ ತುದಿಯಲ್ಲಿ ಬಕಲಿನ ಅಚ್ಚು ಚೌಕವಾಗಿ ಕೂತಿತ್ತು. ಹೊಡೆದವನು ಅವಳ ಗಂಡ. ಇದನ್ನು ನಾನು ಕಣ್ಣಾರೆ ಕಂಡೆ.

ಬರೆದಾಯಿತು. ಹನ್ನೆರಡು ವರ್ಷ ತಡ. ಬರೆದರೆ ಮನಸ್ಸು ಹಗುರಾಗುತ್ತದೆ ಎನ್ನುವವರಿದ್ದಾರೆ. ಆಗಲಿಲ್ಲ.

ಆಮೇಲೆ ಮದೀನತ್ ಜಾಯೆದಿನಲ್ಲಿ ಎಷ್ಟು ಸಲ ಆಯಿತು ಎಂದು ನಾನು ಕೇಳಲಿಲ್ಲ. ಫೋನಿನಲ್ಲಿ ಅವಳು, “ಎಲ್ಲ ಸರಿ ಉಂಟು ಮಾಯಿ. ಇಲ್ಲಿ ಬಿಸಿಲು ಜಾಸ್ತಿ” ಎನ್ನುತ್ತಿದ್ದಳು. ನಾನು ಬರೆದ ಕಾಗದ ನನಗೇ ತಿರುಗಿ ಬರುತ್ತಿತ್ತು. ಕೂದಲು ಕತ್ತರಿಸಿದ್ದು ಆ ಕಾಲದಲ್ಲೇ. ಯಾಕೆ ಎಂದು ಆಮೇಲೆ ಒಂದು ಸಲ ಎದುರು ಸಿಕ್ಕಾಗ ಕೇಳಿದೆ. ಈರುಳ್ಳಿ ಹೆಚ್ಚುತ್ತಿದ್ದಳು, ತಲೆ ಎತ್ತದೆ, “ಉದ್ದ ಇದ್ದರೆ ಕೈಗೆ ಸುತ್ತಿಕೊಳ್ಳಲಿಕ್ಕೆ ಸುಲಭ” ಎಂದಳು. ಮತ್ತೆ ಆ ಮಾತು ಬರಲಿಲ್ಲ.

ಏಳು ವರ್ಷದ ಹಿಂದೆ ಅವಳಿಗೆ ದುಬೈಯ ಒಂದು ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು. ರಿಯಾಳನ್ನು ನೋಡಿಕೊಳ್ಳಲು ನನ್ನನ್ನು ಕರೆಸಿಕೊಂಡರು. ನನ್ನ ವೀಸಾ ಅಳಿಯನ ಹೆಸರಿನಲ್ಲಿದೆ, ರಿಯಾಳದೂ. ಅವನು ಮದೀನತ್ ಜಾಯೆದಿನಲ್ಲೇ ಇದ್ದಾನೆ. ಶುಕ್ರವಾರ ಸಂಜೆ ಬರುತ್ತಾನೆ, ಭಾನುವಾರ ಹೋಗುತ್ತಾನೆ. ಬರುವಾಗ ಖರ್ಜೂರ ತರುತ್ತಾನೆ, ನನ್ನ ಬಿಪಿ ಮಾತ್ರೆ ಮರೆಯುವುದಿಲ್ಲ. ಈಗ ಕೈ ಎತ್ತುವುದಿಲ್ಲ. ಎತ್ತುವ ಕೆಲಸ ಉಳಿದಿಲ್ಲ. ಗದ್ದೆಯ ಆಚೆಯ ನಾಯಿ ಎಬ್ಬಿಸುತ್ತಿದ್ದವಳು ಈಗ ಪಕ್ಕದ ಕೋಣೆಗೆ ಕೇಳದಷ್ಟು ಸಣ್ಣಗೆ ಮಾತಾಡುತ್ತಾಳೆ. ಮನೆ ಉಳಿಯಿತು. ನಾನು ಬೇಡಿದ್ದು ಅದೇ ಅಲ್ಲವೇ?

ಗುರುವಾರ ಮಧ್ಯಾಹ್ನ ರಿಯಾ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ತಲೆ ಕೆರೆಯುತ್ತಿದ್ದಳು. ಐರಿನ್‌ಗೆ ಅವತ್ತು ರಜೆ, ಅಡುಗೆಮನೆಯಲ್ಲಿದ್ದಳು.

“ಗ್ರ್ಯಾನಿ, ಇಬ್ಬರಲ್ಲಿ ಯಾರನ್ನು ನಂಬಬೇಕು ಅಂತ ಬರೀಬೇಕು. ವಾಟ್ ಡು ಯೂ ಥಿಂಕ್?”

“ನಾನು ಮೂರನೇ ಕ್ಲಾಸು ಮಾರಾಯ್ತಿ. ನಿನ್ನ ಟೀಚರನ್ನು ಕೇಳು.”

“ಟೀಚರೇ ನಮ್ಮನ್ನು ಕೇಳಿದ್ದು!” ಎಂದಳು. “ಈ ಸೆಕೆಂಡ್ ಮ್ಯಾನ್ ಕೂದಲು ಬರೆದ, ನೆಕ್ಲೇಸ್ ಬರೆದ, ಮೊಲ ಬರೆದ. ಹೊಡೆದದ್ದು ಬರೀಲಿಲ್ಲ. ಹೌ ಕೆನ್ ಯೂ ಲೀವ್ ದಟ್ ಔಟ್? ಅವನಿಗೆ ಗೊತ್ತಿರ್ಲಿಲ್ಲ ಅಂತ ಬರೀತೇನೆ.”

“ಹಾಗೆ ಬರೀಬೇಡ. ಗೊತ್ತಿದ್ದರೂ ಬಿಡಲಿಕ್ಕಾಗ್ತದೆ.”

“ನಿಂಗೆ ಹೇಗೆ ಗೊತ್ತು?”

ಇಲ್ಲಿ ನಾನು ಸುಮ್ಮನಿರಬಹುದಿತ್ತು. ಎಪ್ಪತ್ತೆರಡು ವರ್ಷ ಸುಮ್ಮನಿದ್ದವಳಿಗೆ ಇನ್ನೊಂದು ಮಧ್ಯಾಹ್ನ ಕಷ್ಟ ಅಲ್ಲ. ಆದರೆ ಹುಡುಗಿ ಆ ಹೆಸರಿಲ್ಲದ ಹೆಣ್ಣು ಮಕ್ಕಳಿಗಾಗಿ ಎರಡು ದಿನದಿಂದ ಸಿಟ್ಟಾಗಿದ್ದಳು. ನನ್ನ ಕಾಗದದಲ್ಲಿ ಅವಳೂ ‘ಒಂದು ಹೆಣ್ಣು ಮಗು’ ಮಾತ್ರ. ಹೇಳಿಬಿಟ್ಟೆ. ಕಾಗದ, ಪಾದ್ರಿ, ಬೆನ್ನು, ಎಲ್ಲ.

ರಿಯಾ ಲ್ಯಾಪ್‌ಟಾಪ್ ಮುಚ್ಚಿದಳು. ಇಂಗ್ಲಿಷ್ ನಿಂತಿತು.

“ಹೊಡೆದದ್ದು ಡ್ಯಾಡಿಯಾ?”

“ಹೌದು.”

“ಆ ಮೀಟಿಂಗಿನಲ್ಲಿ ನಾನು ಎಲ್ಲಿದ್ದೆ?”

“ನನ್ನ ಮಡಿಲಲ್ಲಿ. ಬಿಸ್ಕತ್ತು ತಿನ್ನುತ್ತಾ ಇದ್ದೆ.”

ಹಿಂದೆ ಐರಿನ್ ನಿಂತಿದ್ದಳು, ಕೈಯಲ್ಲಿ ಸೌಟು. ಎಷ್ಟು ಹೊತ್ತಿನಿಂದಲೋ. ನನ್ನನ್ನು ನೋಡಿ ಎಂದಿನ ಸಣ್ಣ ದನಿಯಲ್ಲಿ ಹೇಳಿದಳು:

“ಹೇಳಬೇಕಾದವರಿಗೆ ಹೇಳಲಿಲ್ಲ. ಈಗ ಇವಳಿಗೆ ಯಾಕೆ ಹೇಳಿದ್ದು ಮಾಯಿ? ಇವಳೆಂತ ಮಾಡಬೇಕು ಅದನ್ನು?”

ಓದುವವರಿಂದ ಏನೂ ಮಾಡಲು ಆಗದಂಥದ್ದನ್ನು ಬರೆಯಬಾರದು ಎಂಬ ಕಟ್ಟಳೆ ನಾನೇ ಕಲಿಸಿದ್ದು. ಮುರಿಯಬೇಕಾದಲ್ಲಿ ಪಾಲಿಸಿದೆ, ಪಾಲಿಸಬೇಕಾದಲ್ಲಿ ಮುರಿದೆ. ಎರಡೂ ಸಲ ಏಟು ಬೇರೆಯವರಿಗೆ.

ನಿನ್ನೆ ಶುಕ್ರವಾರ. ಸಂಜೆ ಲಿಫ್ಟಿನ ಸದ್ದು ಕೇಳಿದರೆ ರಿಯಾ ಓಡಿ ಹೋಗಿ ಬಾಗಿಲು ತೆಗೆಯುವುದು ವಾಡಿಕೆ, ಅಪ್ಪನ ಕೈಯ ಚೀಲ ಕಸಿದುಕೊಳ್ಳಲು. ನಿನ್ನೆ ಅವಳು ಏಳಲಿಲ್ಲ. ನಾನೇ ತೆಗೆದೆ. ಸ್ಟ್ಯಾನಿ ಮುಖ ತೊಳೆದು ಬಂದು ಟೀಗೆ ಕೂತ. ಬಾಲ್ಕನಿಯ ಕಡೆ ಕಣ್ಣು ಹೋಯಿತು, ನಕ್ಕ.

“ಇದೆಂತ ಮಾಯಿ, ಕೆಂಪು ಬಾಲ? ಯಾವ ಕುದುರೆ ಕಟ್ಟಿಹಾಕಿದ್ದೀರಿ?”

“ರಿಯಾಳದ್ದು,” ಎಂದೆ. “ಶಾಲೆಯಲ್ಲಿ ರಾಣಿ ಆದದ್ದು.”

“ಓಹೋ, ರಾಣಿಯಾ! ಎಂತ ಮಾಡಿದಳಪ್ಪಾ ನಿನ್ನ ರಾಣಿ? ಹೇಳು, ಕೇಳುವ.”

ರಿಯಾ ತಾಯಿಯನ್ನು ನೋಡಿದಳು. ಐರಿನ್ ಟೀ ಸುರಿಯುತ್ತಿದ್ದಳು, ಕಪ್ಪಿನಿಂದ ಕಣ್ಣು ತೆಗೆಯಲಿಲ್ಲ. ರಿಯಾ ನನ್ನನ್ನು ನೋಡಿದಳು. ಇಲ್ಲಿ ಗೋಡೆಯಲ್ಲಿ ಕ್ಯಾಲೆಂಡರ್ ಇಲ್ಲ. ನಾನು ಕೆಂಪು ಚವರಿ ನೋಡಿದೆ.

“ತುಂಬಾ ಎತ್ತರ ಇದ್ದಳು ಡ್ಯಾಡಿ,” ಎಂದಳು ರಿಯಾ. “ಕೂದಲು ಇಲ್ಲಿವರೆಗೆ. ಕೊರಳಲ್ಲಿ ದೊಡ್ಡ ಗೋಲ್ಡ್ ನೆಕ್ಲೇಸ್. ವಾಯ್ಸ್ ತುಂಬಾ ಜೋರು.”

“ಮತ್ತೆ?”

“ಮತ್ತೆ ಸತ್ತಳು. ಹುಷಾರಿಲ್ಲದೆ.”

“ಅಷ್ಟೇಯಾ?”

“ಅಷ್ಟೇ.”

ಮಾತಾಡಿದ್ದು ಸಣ್ಣ ದನಿಯಲ್ಲಿ. ಪಕ್ಕದ ಕೋಣೆಗೆ ಕೇಳುತ್ತಿರಲಿಲ್ಲ.

ಸ್ಟ್ಯಾನಿ ನಗುತ್ತಾ ಟೀಯಲ್ಲಿ ರಸ್ಕ್ ಅದ್ದಿದ. ಐರಿನ್ ಡಬ್ಬಿಯಿಂದ ಇನ್ನೊಂದು ರಸ್ಕ್ ತೆಗೆದು ಮಗಳ ತಟ್ಟೆಗೆ ಇಟ್ಟಳು.